ಅಪ್ಪಯ್ಯನ ಲ್ಯಾಪ್‌ಟಾಪಿಗೆ ವೈಫೈ ಬಂದ ಕತೆ

ಈ ಕಡೆ ತಲೆ ಹಾಕಿ ಸುಮಾರು ದಿನ ಆಯ್ತು. ಕೆಲಸ ಜಾಸ್ತಿ, ಮಗಳ ಪರೀಕ್ಷೆ ಅಂತೆಲ್ಲ ನೆಪ ಹೇಳಬಹುದು, ನಿಜ ಹೇಳಬೇಕು ಅಂದ್ರೆ ಬರೀ ಸೋಮಾರಿತನ. 2025ರ ದೀಪಾವಳಿಗೆ ಊರಿಗೆ ಹೋದಾಗ ನಾನೇ ಮಾಡಿಕೊಂಡ ಒಂದು ಎಡವಟ್ಟನ್ನ ಮರೆಯೋ ಮೊದಲು ಬರೆದಿಟ್ಟುಬಿಡೋಣ ಅಂತ ಇವತ್ತು ಕೂತಿದ್ದೀನಿ. ವಿಷಯ ಹಳೇ ಲ್ಯಾಪ್‌ಟಾಪಿನ ವೈಫೈ ಡ್ರೈವರ್. ತಾಂತ್ರಿಕ ಬರಹ ಅಂದ ಕೂಡಲೇ ಓಡಿಹೋಗಬೇಡಿ, ಮಧ್ಯದಲ್ಲಿ ಅಡಿಕೆ ತೋಟನೂ ಬರುತ್ತೆ :)

ಲ್ಯಾಪ್‌ಟಾಪ್ ಅಂತ ಮರ್ಯಾದೆಗೆ ಕರೀತೀವಿ ಅಷ್ಟೇ, ಅದು ಹತ್ತಿಂಚಿನ ನೆಟ್‌ಬುಕ್. 2009ರಲ್ಲಿ ತಂಗಿ ಬಿಇ ಸೇರಿದಾಗ ಕೊಡಿಸಿದ್ದು. ನಿಮಗೆ ನೆನಪಿರಬಹುದು, ಆಗ ಎರಡು ಮೂರು ವರ್ಷ ಎಲ್ಲಿ ನೋಡಿದ್ರೂ ನೆಟ್‌ಬುಕ್ಕೇ. ಇಂಟೆಲ್ ಆಟಂ ಎನ್270 ಪ್ರೊಸೆಸರ್, 1.6 ಗಿಗಾಹರ್ಟ್ಸ್, ವಿಂಡೋಸ್ ಎಕ್ಸ್‌ಪಿ. ಬಂದಾಗ ಒಂದು ಜಿಬಿ ರ್‍ಯಾಮ್ ಇತ್ತು, ಆಮೇಲೆ ಎರಡು ಮಾಡಿಸಿದೆ. ಅದಕ್ಕಿಂತ ಹೆಚ್ಚು ಅದಕ್ಕೆ ಜೀರ್ಣ ಆಗಲ್ಲ. ತಂಗಿಗೆ ಕೆಲಸ ಸಿಕ್ಕಿ ಹೊಸದು ತಗೊಂಡಾಗ ಇದು ಅಪ್ಪಯ್ಯನ ಪಾಲಿಗೆ ಬಂತು.

ಅಪ್ಪಯ್ಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ರಿಟೈರ್ ಆಗೋ ಒಂದೆರಡು ವರ್ಷ ಮುಂಚೆ ಶಾಲೆಗೆ ಬಂದ ಕಂಪ್ಯೂಟರಿನಲ್ಲಿ ನುಡಿ ಕಲಿತಿದ್ರು. ಈಗ 78 ವರ್ಷ. ಗ್ಲಾಕೋಮಾದಿಂದ ದೃಷ್ಟಿ ನಿಧಾನಕ್ಕೆ ಕಿರಿದಾಗ್ತಾ ಬಂದಿದೆ. ನೇರ ಎದುರಿಗೆ ಇರೋದು ಕಾಣುತ್ತೆ, ಪಕ್ಕದ್ದು ಇಲ್ಲ. ಕಾಗದದ ಮೇಲೆ ಬರೆಯೋಕೆ ಹೋದ್ರೆ ಸಾಲು ಒಂದರ ಮೇಲೊಂದು ಹತ್ತಿಬಿಡುತ್ತೆ. ಆದ್ರೆ ಆ ನೆಟ್‌ಬುಕ್ಕಿನ ಕೀಲಿಮಣೆ ಮಾತ್ರ ಅವರ ಬೆರಳಿಗೆ ಬಾಯಿಪಾಠ. ಅರ್ಧ ಕೀಲಿಗಳ ಮೇಲಿನ ಅಕ್ಷರ ಅಳಿಸಿ ಬೋಳಾಗಿವೆ. ನಾನು ಕೂತ್ರೆ ತಡಕಾಡಬೇಕು, ಅವರು ನೋಡೋದೇ ಇಲ್ಲ. ಕೆ.ಪಿ. ರಾವ್ ಅವರು ಮಾಡಿದ ಆ ಕಗಪ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಡಗೈ ತೋರುಬೆರಳು ತಾನಾಗೇ ಎಫ್ ಮೇಲೆ ಹೋಗಿ ಬರುತ್ತೆ. ಎರಡು ವರ್ಷದ ಹಿಂದೆ ಒಂದು ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಿದ್ದೆ, ದೊಡ್ಡ ಪರದೆ, ದೊಡ್ಡ ಕೀಲಿ. ನಾಲ್ಕು ಸಾಲು ಹೊಡೆದು ನೋಡಿದ್ರು. ಎಲ್ಲ ಕೀಲಿಗಳೂ ಅರ್ಧ ಬೆರಳಿನಷ್ಟು ಆಚೆ. ಬಂದಿದ್ದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. 'ಇದು ನಿಂಗೇ ಇರ್ಲಿ ಮಾರಾಯ' ಅಂತ ಮಡಚಿ ಕೊಟ್ಟುಬಿಟ್ರು.

ಇಷ್ಟಕ್ಕೂ ಅವರು ಬರೆಯೋದೇನು ಅಂತೀರಾ? ಮೇಲ್. ಧಾರವಾಡದಲ್ಲಿ ಅವರ ಹಳೇ ಸಹೋದ್ಯೋಗಿ ಒಬ್ಬರಿದ್ದಾರೆ, ಅವರೂ ಕನ್ನಡ ಮೇಷ್ಟ್ರು, ಎಂಬತ್ತು ದಾಟಿದೆ. ಇಬ್ಬರೂ ಸೇರಿ ವರ್ಷಗಳಿಂದ ಒಂದು ಪದಗಳ ಪಟ್ಟಿ ಮಾಡ್ತಿದ್ದಾರೆ. ಇವರು ಇಲ್ಲಿಂದ ಸಂಕ, ದರಗು, ದೋಟಿ, ಗೊರಬು, ಕಂಬಳಿಕೊಪ್ಪೆ ಅಂತ ಕಳಿಸ್ತಾರೆ. ಅವರು ಅಲ್ಲಿಂದ 'ನಮ್ಮ ಕಡೆ ಇದಕ್ಕ ಹೀಂಗ ಅಂತಾರ' ಅಂತ ಉತ್ತರ ಬರೀತಾರೆ, ಜೊತೆಗೆ ಒಂದು ಜಗಳ. ಫೋನ್ ಮಾಡಬಹುದಲ್ವಾ ಅಂದ್ರೆ ಧಾರವಾಡದ ಮೇಷ್ಟ್ರಿಗೆ ಕಿವಿ ಪೂರ್ತಿ ಹೋಗಿದೆ. ಅವರಿಗೆ ಕೇಳಲ್ಲ, ಇವರಿಗೆ ಬರೆಯೋಕೆ ಕಾಣಲ್ಲ. ಮಧ್ಯೆ ಉಳಿದಿರೋದು ಈ ನೆಟ್‌ಬುಕ್ಕಿನ ಕೀಲಿಮಣೆ ಒಂದೇ.

ಈಗ ನನ್ನ ಘನಕಾರ್ಯಕ್ಕೆ ಬರ್ತೀನಿ.

2018ರಲ್ಲಿ ನಾನು ಅದಕ್ಕೆ ಲುಬುಂಟು 18.04 ಹಾಕಿಕೊಟ್ಟಿದ್ದೆ. 32 ಬಿಟ್ಟಿನ ಮಷೀನಿಗೆ ಸಿಕ್ಕ ಕೊನೇ ಎಲ್‌ಟಿಎಸ್ ಲುಬುಂಟು ಅದು. ಅದರ ಸಪೋರ್ಟ್ 2021ರ ಏಪ್ರಿಲ್ಲಿಗೆ ಮುಗಿದಿತ್ತು. ನಡೀತಿದೆಯಲ್ಲ, ಯಾಕೆ ಕೈ ಹಾಕೋದು ಅಂತ ನಾನೂ ಸುಮ್ಮನಿದ್ದೆ. 2025ರ ಸೆಪ್ಟೆಂಬರಿನಲ್ಲಿ ಅಮ್ಮ ಫೋನ್ ಮಾಡಿ 'ಅಪ್ಪಯ್ಯನ ಮೇಲ್ ತೆಗೀತಾ ಇಲ್ವಂತೆ, ಬ್ರೌಸರ್ ಹಳೇದಾಯ್ತು ಅಂತ ಬರ್ತದಂತೆ' ಅಂದ್ರು. ಹಬ್ಬಕ್ಕೆ ಬಂದಾಗ ಸರಿ ಮಾಡ್ತೀನಿ ಅಂದೆ. ಬೆಂಗಳೂರಿನಲ್ಲೇ ಒಂದು ಪೆನ್‌ಡ್ರೈವಿಗೆ ಡೆಬಿಯನ್ 12 ಹಾಕ್ಕೊಂಡು ಹೊರಟೆ. ಡೆಬಿಯನ್ 13 ಆಗಸ್ಟಿನಲ್ಲಿ ಬಂದಿತ್ತು, ಆದ್ರೆ ಅದರಲ್ಲಿ 32 ಬಿಟ್ಟಿನ ಪಿಸಿಗೆ ಇನ್‌ಸ್ಟಾಲರೇ ಇಲ್ಲ. ಹನ್ನೆರಡಕ್ಕೆ 2028ರ ಜೂನ್ ತನಕ ದೀರ್ಘಾವಧಿ ಸಪೋರ್ಟ್ ಇದೆ. ಅಷ್ಟು ಸಾಕು ಅಂದ್ಕೊಂಡೆ.

ನರಕ ಚತುರ್ದಶಿ ದಿನ ಎಣ್ಣೆ ಸ್ನಾನ ಮುಗಿಸಿ, ದೋಸೆ ತಿಂದು, ಜಗುಲಿ ಮೇಲೆ ಕೂತು ಧೈರ್ಯವಾಗಿ ಹಳೇದನ್ನ ಅಳಿಸಿದೆ. ಅಪ್ಪಯ್ಯನ ಫೈಲುಗಳನ್ನ ಮೊದಲೇ ತೆಗೆದಿಟ್ಟಿದ್ದೆ, ಅಷ್ಟು ಬುದ್ಧಿ ಇತ್ತು. ಒಂದೂವರೆ ಗಂಟೆಗೆ ಎಲ್ಲ ಮುಗೀತು. ಕನ್ನಡ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ತಯಾರಾಗೇ ಇತ್ತು. ಅಪ್ಪಯ್ಯ ಒಂದು ಸಾಲು ಹೊಡೆದು ನೋಡಿ 'ಸರಿ ಇದೆ' ಅಂದ್ರು. ವೈಫೈ ಗುರುತಿನ ಮೇಲೆ ಒತ್ತಿದೆ.

ವೈಫೈ ಅನ್ನೋ ಸಾಲೇ ಇಲ್ಲ!

ಸಿಗ್ನಲ್ ಇಲ್ಲ ಅಂತಲ್ಲ, ಪಾಸ್‌ವರ್ಡ್ ತಪ್ಪು ಅಂತಲ್ಲ. ಈ ಯಂತ್ರಕ್ಕೆ ವೈಫೈ ಅನ್ನೋದು ಹುಟ್ಟಿದಾಗಿಂದ ಇರಲೇ ಇಲ್ಲವೇನೋ ಅನ್ನೋ ಥರ. ಕೇಬಲ್ ಹಾಕೋಣ ಅಂದ್ರೆ ಅದರ ಲ್ಯಾನ್ ಪೋರ್ಟು ಎಷ್ಟೋ ವರ್ಷದ ಹಿಂದೆ ಒಂದು ಏಪ್ರಿಲ್ ಸಂಜೆ ಸಿಡಿಲಿಗೆ ಹೋಗಿದೆ. (ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆಗೆ ಮೋಡೆಮ್ ಪ್ಲಗ್ ಕೀಳದವರು ಒಂದಲ್ಲ ಒಂದು ಸಲ ಕಲೀತಾರೆ.)

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಕೊಟ್ಟೆ. ಒಳಗೆ ಯಾವ ಯಾವ ಕಾರ್ಡ್ ಇದೆ ಅಂತ ಹೇಳೋ ಆಜ್ಞೆ ಅದು. ಬ್ರಾಡ್‌ಕಾಮ್ ಬಿಸಿಎಂ4312, ಗುರುತಿನ ಸಂಖ್ಯೆ 14ಇ4:4315. ಅದನ್ನ ನೋಡಿದ ಕೂಡಲೇ ಹಳೇದೆಲ್ಲ ಜ್ಞಾಪಕಕ್ಕೆ ಬಂತು. ಡಿಮೆಸೇಜ್ ತೆಗೆದು ನೋಡಿದ್ರೆ ಕೆಂಪಕ್ಷರದಲ್ಲಿ ಅದೇ ಹಳೇ ಸಾಲು: ಬಿ43, ಫರ್ಮ್‌ವೇರ್ ಫೈಲ್ ಯುಕೋಡ್15 ಸಿಗಲಿಲ್ಲ. ಅದರ ಕೆಳಗೆ ಒಂದು ಉಪದೇಶ ಬೇರೆ, ಇಂಥಾ ವೆಬ್‌ಸೈಟಿಗೆ ಹೋಗಿ ಸರಿಯಾದ ಫರ್ಮ್‌ವೇರ್ ಇಳಿಸಿಕೊಳ್ಳಿ ಅಂತ. ವೈಫೈ ಇಲ್ಲದ ಯಂತ್ರ ನಿಂತು ನನಗೆ ವೆಬ್‌ಸೈಟಿನ ವಿಳಾಸ ಹೇಳ್ತಾ ಇದೆ!

ಈ ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ ಅನ್ನೋದು ಬಹಳ ಜನಕ್ಕೆ ಗೊಂದಲ. ನನಗೂ ಇತ್ತು. ಆ ದಿನ ಮಧ್ಯಾಹ್ನ ಅಪ್ಪಯ್ಯ 'ಎಂತಾಯ್ತು?' ಅಂತ ಕೇಳಿದಾಗ ತೋಟದ ಲೆಕ್ಕದಲ್ಲೇ ಹೇಳಿದೆ. ಕೊನೆಕೊಯ್ಲಿನಲ್ಲಿ ಮರದ ಮೇಲೆ ಕೊನೆಗೌಡ ಇರ್ತಾನೆ, ಕೆಳಗೆ ನೇಣು ಹಿಡಿಯೋನು ಇರ್ತಾನೆ. ಕೊನೆ ಕೊಯ್ದು ನೇಣಿಗೆ ಬಿಟ್ರೆ ಕೆಳಗಿನವನ ಕೈಗೆ ಜಾರಿ ಬರುತ್ತೆ. ವೈಫೈ ಕಾರ್ಡ್ ಅಂದ್ರೆ ಮರದ ಮೇಲಿನ ಕೊನೆಗೌಡ, ಅದರೊಳಗೆ ಅದರದ್ದೇ ಒಂದು ಪುಟ್ಟ ಪ್ರೊಸೆಸರ್ ಇದೆ. ಡ್ರೈವರ್ ಅಂದ್ರೆ ಕೆಳಗೆ ನೇಣು ಹಿಡಿದವನು. ತೊಂದರೆ ಏನಪ್ಪಾ ಅಂದ್ರೆ, ಈ ಕೊನೆಗೌಡನಿಗೆ ರಾತ್ರಿ ಮಲಗಿ ಎದ್ದರೆ ಎಲ್ಲ ಮರೆತುಹೋಗುತ್ತೆ. ತನ್ನ ಪ್ರೋಗ್ರಾಮನ್ನ ಇಟ್ಟುಕೊಳ್ಳೋ ಜಾಗ ಆ ಕಾರ್ಡಿನಲ್ಲಿ ಇಲ್ಲ. ಹಾಗಾಗಿ ಪ್ರತಿ ಸಲ ಚಾಲೂ ಆದಾಗ ಕೆಳಗಿನವನು 'ಮರ ಹತ್ತೋದು ಹೀಗೆ, ಕತ್ತಿ ಹಿಡಿಯೋದು ಹೀಗೆ' ಅಂತ ಪೂರ್ತಿ ಪಾಠ ಮೇಲೆ ಕಳಿಸಬೇಕು. ಆ ಪಾಠವೇ ಫರ್ಮ್‌ವೇರ್.

'ಪಾಠದ ಪುಸ್ತಕ ಎಲ್ಲುಂಟು?' ಅಂತ ಕೇಳಿದ್ರು ಅಪ್ಪಯ್ಯ. ಮೇಷ್ಟ್ರಲ್ವಾ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ರು.

ಪುಸ್ತಕದ್ದೇ ಒಂದು ದೊಡ್ಡ ಕತೆ. ಆ ಕಾಲದಲ್ಲಿ ಬ್ರಾಡ್‌ಕಾಮ್ ಚಿಪ್ಪುಗಳ ಒಳಗಿನ ವಿವರ ಹೊರಗಿನವರಿಗೆ ಸಿಗ್ತಿರಲಿಲ್ಲ. ಲಿನಕ್ಸಿನ ಕೆಲವರು ಸೇರಿ ಬೇರೆ ದಾರಿ ಹಿಡಿದ್ರು. ಒಂದು ಗುಂಪು ಕಂಪನಿಯ ಸಿದ್ಧ ಡ್ರೈವರನ್ನ ಬಿಚ್ಚಿ ನೋಡಿ, ಚಿಪ್ಪು ಹೇಗೆ ನಡೆದುಕೊಳ್ಳುತ್ತೆ ಅಂತ ಬರೀ ಮಾತಿನಲ್ಲಿ ಬರೆದಿಡೋದು. ಇನ್ನೊಂದು ಗುಂಪು ಆ ಡ್ರೈವರನ್ನ ಕಣ್ಣೆತ್ತಿಯೂ ನೋಡದೆ, ಈ ಬರಹವನ್ನಷ್ಟೇ ಓದಿ ಹೊಸದಾಗಿ ಕೋಡ್ ಬರೆಯೋದು. ನಕಲು ಹೊಡೆದ್ರು ಅಂತ ಯಾರೂ ಹೇಳಬಾರದಲ್ಲ, ಅದಕ್ಕೆ ಆ ಮಡಿ. ಹಾಗೆ ಹುಟ್ಟಿದ ಡ್ರೈವರ್ 2006ರ ಜೂನಿನಲ್ಲಿ, ಕರ್ನಲ್ 2.6.17ರಲ್ಲಿ ಸೇರಿತು. ಅದನ್ನ ಹೊಸದಾಗಿ ತಿದ್ದಿ ಬಿ43 ಅಂತ ಬಂದಿದ್ದು 2008ರ ಜನವರಿಯಲ್ಲಿ. ನಮ್ಮ 4312 ಚಿಪ್ಪಿಗೆ ಅದು ಒಲಿದಿದ್ದು 2009ರ ಡಿಸೆಂಬರಿನಲ್ಲಿ ಬಂದ 2.6.32ರಿಂದ. 2010ರಲ್ಲಿ ಬ್ರಾಡ್‌ಕಾಮ್ ತಾನೇ ಮುಕ್ತ ಡ್ರೈವರ್ ಒಂದನ್ನ ಕೊಟ್ಟಿತು, ಆದರೆ ಅದು ಮುಂದಿನ ಪೀಳಿಗೆಯ ಚಿಪ್ಪುಗಳಿಗೆ.

ಡ್ರೈವರ್ ಏನೋ ಆಯ್ತು, ಫರ್ಮ್‌ವೇರ್ ಮಾತ್ರ ಕಂಪನಿಯದ್ದೇ ಬೇಕು. ಅದನ್ನ ಹಂಚೋಕೆ ಡೆಬಿಯನ್ನಿಗೆ ಪರವಾನಗಿ ಇಲ್ಲ. 2022ರಲ್ಲಿ ಡೆಬಿಯನ್ನಿನವರು ಓಟು ಹಾಕಿ, ಮುಕ್ತವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲರ್ ಜೊತೆಗೇ ಕೊಡೋಣ ಅಂತ ನಿರ್ಧಾರ ಮಾಡಿದ್ರು. 2023ರ ಡೆಬಿಯನ್ 12ರಿಂದ ಹಾಗೇ ಬರ್ತಿದೆ. ನಾನು ಅದನ್ನೇ ನಂಬಿಕೊಂಡು ಎಲ್ಲಾ ಇರುತ್ತೆ ಅಂದ್ಕೊಂಡಿದ್ದೆ. ಆದ್ರೆ ಹಂಚೋಕೆ ಅನುಮತಿ ಇರೋದು ಮಾತ್ರ ಅಲ್ಲಿರೋದು. ಬಿ43ದು ಇಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ: ಕಂಪನಿಯ ಹಳೇ ಡ್ರೈವರ್ ಫೈಲನ್ನ ನೀವೇ ಇಳಿಸಿಕೊಳ್ಳಬೇಕು, ಬಿ43 ಎಫ್‌ಡಬ್ಲ್ಯೂಕಟರ್ ಅನ್ನೋ ಪುಟ್ಟ ಪ್ರೋಗ್ರಾಂ ಅದರೊಳಗಿಂದ ಫರ್ಮ್‌ವೇರ್ ಭಾಗವನ್ನ ಕತ್ತರಿಸಿ ತೆಗೆದುಕೊಡುತ್ತೆ. ಹಲಸಿನ ಹಣ್ಣಿಂದ ತೊಳೆ ಬಿಡಿಸಿದ ಹಾಗೆ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂತಲ್ಲ. 2010ರಲ್ಲಿ ಇದೇ ಕಾರ್ಡಿನ ಜೊತೆ ಗುದ್ದಾಡಿದವನೇ ನಾನು. ಆಗ ಉಬುಂಟು ಸಿಡಿ ಬೇಕು ಅಂತ ಬರೆದ್ರೆ ಬಿಟ್ಟಿಯಾಗಿ ಅಂಚೆಯಲ್ಲಿ ಮನೆಗೇ ಬರ್ತಿತ್ತು, 2011ರವರೆಗೂ. ಪೋಸ್ಟ್‌ಮ್ಯಾನ್ ತಂದುಕೊಟ್ಟ ಸಿಡಿ ಹಾಕಿ, ಎನ್‌ಡಿಐಎಸ್‌ರ್‍ಯಾಪರ್ ಅಂತ ಒಂದರಲ್ಲಿ ವಿಂಡೋಸಿನ ಡ್ರೈವರ್ ಫೈಲನ್ನೇ ಲಿನಕ್ಸಿಗೆ ತಿನ್ನಿಸಿ, ಅದು ಒಂದು ದಿನ ನಡೆದು ಇನ್ನೊಂದು ದಿನ ನಿಂತು... ಆ ಗುದ್ದಾಟದಲ್ಲಿ ಒಂದು ಸುಖ ಇತ್ತು. ರಾತ್ರಿ ಎರಡು ಗಂಟೆಗೆ ಸಿಗ್ನಲ್ ಕಡ್ಡಿ ಮೂಡಿದಾಗ ರೂಮಿನವರನ್ನ ಎಬ್ಬಿಸಿ ತೋರಿಸಿ ಬೈಸಿಕೊಂಡಿದ್ದೂ ಇದೆ. ಆಗ ಇಪ್ಪತ್ತಾರು ವರ್ಷ, ಮಾಡೋಕೆ ಬೇರೆ ಕೆಲಸ ಇರಲಿಲ್ಲ. ಮುಂದೆ ಎಲ್ಲ ತಾನಾಗೇ ಆಗ್ತಾ ಹೋಯ್ತು, ಮರೆತೆ. ಲುಬುಂಟು ಹಾಕಿದಾಗ ಲ್ಯಾನ್ ಪೋರ್ಟ್ ಜೀವಂತ ಇತ್ತು, ಕೇಬಲ್ ಸಿಕ್ಕಿಸಿ ಒಂದು ಗುಂಡಿ ಒತ್ತಿದ್ದೆ ಅಷ್ಟೇ.

ಆ ದಿನ ಸಂಜೆ ಫೋನಿನಲ್ಲಿ ಹುಡುಕಿ ಡೆಬಿಯನ್ನಿನ ಬಿ43 ಫರ್ಮ್‌ವೇರ್ ಇನ್‌ಸ್ಟಾಲರ್ ಪ್ಯಾಕೇಜನ್ನ ಇಳಿಸಿದೆ. ಫೋನಿಗೆ ಮನೆಯ ವೈಫೈ ಚೆನ್ನಾಗೇ ಸಿಗ್ತಿತ್ತು, ಫೈಬರ್ ಬಂದು ಮೂರು ವರ್ಷ ಆಯ್ತು. ಓಟಿಜಿ ಕೊಂಡಿ ಹಾಕಿ ಪೆನ್‌ಡ್ರೈವಿಗೆ ತುಂಬಿಸಿ ನೆಟ್‌ಬುಕ್ಕಿಗೆ ಹಾಕಿದೆ. 'ಎಫ್‌ಡಬ್ಲ್ಯೂಕಟರ್ ಇಲ್ಲ' ಅಂತು. ಮತ್ತೆ ಫೋನ್, ಮತ್ತೆ ಓಟಿಜಿ, ಮತ್ತೆ ಪೆನ್‌ಡ್ರೈವ್. ಈ ಸಲ ಇನ್‌ಸ್ಟಾಲ್ ಶುರುವಾಯ್ತು. ಶುರುವಾಗಿ, ಫರ್ಮ್‌ವೇರ್ ತರೋಕೆ ಅಂತ ಇಂಟರ್ನೆಟ್ಟಿಗೆ ಹೊರಟಿತು! ಇಷ್ಟು ಹೊತ್ತು ನಾನು ತಂದ ಪ್ಯಾಕೇಜಿನೊಳಗೆ ಫರ್ಮ್‌ವೇರೇ ಇಲ್ಲ, 'ಇಂಥಾ ಅಂಗಡಿಗೆ ಹೋಗಿ ತಗೊಂಡು ಬಾ' ಅನ್ನೋ ಚೀಟಿ ಮಾತ್ರ ಇದೆ. ಪ್ಯಾಕೇಜಿನ ಗಾತ್ರ ನೋಡಿದ್ರೇ ಗೊತ್ತಾಗಬೇಕಿತ್ತು.

ರಾತ್ರಿ ಹನ್ನೊಂದಾಗಿತ್ತು. ಅಮ್ಮ 'ಹಬ್ಬದ ದಿನನೂ ಅದೇ ಮಾಡು' ಅಂತ ಗೊಣಗಿ ಮಲಗಿದ್ರು. ಅಪ್ಪಯ್ಯ ಏನೂ ಅನ್ನಲಿಲ್ಲ. ಒಳಗೆ ಹೋಗಿ ನೋಡಿದ್ರೆ ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು, ಸ್ಕೇಲನ್ನ ಸಾಲಿನ ಕೆಳಗೆ ಒತ್ತಿ ಹಿಡಿದು, ಧಾರವಾಡಕ್ಕೆ ಕಾಗದ ಬರೀತಾ ಇದ್ರು. ಮೇಲ್ ಇಲ್ಲದೆ ಆರು ವಾರ ಆಗಿತ್ತಲ್ಲ. ನಾಲ್ಕು ಸಾಲು ಆಗಿತ್ತು, ಮೂರನೇದು ಎರಡನೇದರ ಮೇಲೆ ಹತ್ತಿತ್ತು. ನನ್ನ ನೋಡಿ 'ಇದೂ ಇರ್ಲಿ ಅಂತ' ಅಂದ್ರು.

ನಾನು ಕೈ ಹಾಕದೇ ಬರೀ ಬ್ರೌಸರ್ ಒಂದನ್ನೇ ಹೇಗೋ ಹೊಸದು ಮಾಡಿದ್ರೆ ಆಗ್ತಿತ್ತೇನೋ ಅಂತ ಆ ರಾತ್ರಿಯೆಲ್ಲ ಅನ್ನಿಸಿತು. ನಮ್ಮಂಥವರ ಚಾಳಿಯೇ ಇದು. ಇಡೀ ಮನೆ ಕೆಡವಿ ಕಟ್ಟೋಕೆ ಹೊರಡ್ತೀವಿ, ಸೋರ್ತಿರೋದು ಒಂದು ಹೆಂಚು.

ಡಾಂಗಲ್ ತಗೋಬಹುದಿತ್ತಲ್ಲ ಅಂತ ಈಗಾಗಲೇ ಕೆಲವರು ಕಮೆಂಟ್ ಬರೆಯೋಕೆ ಶುರು ಮಾಡಿರ್ತೀರಿ, ಗೊತ್ತು. ಹಬ್ಬ, ತೀರ್ಥಹಳ್ಳಿಯಲ್ಲಿ ಅಂಗಡಿ ಬಾಗಿಲು ಹಾಕಿತ್ತು. ಅಲ್ಲದೆ ಹಾಗೆ ಹೊರಗೆ ಚಾಚಿಕೊಂಡಿರೋ ಎಲ್ಲವೂ ಅಪ್ಪಯ್ಯನ ಕೈ ತಾಗಿ ಮುರಿದಿವೆ, ಎರಡು ಮೌಸ್ ರಿಸೀವರ್ ಈಗಾಗಲೇ ಹೋಗಿದೆ. ಪಕ್ಕಕ್ಕೆ ಕಾಣಲ್ವಲ್ಲ.

ಮಾರನೇ ದಿನ ಬೆಳಿಗ್ಗೆ ಪಕ್ಕದ ಮನೆ ಹುಡುಗ ಹಾಲು ತಗೊಂಡು ಹೋಗೋಕೆ ಬಂದ. ಪಿಯುಸಿ ಓದ್ತಾನೆ. ಜಗುಲಿಯಲ್ಲಿ ನನ್ನ ಅವತಾರ ನೋಡಿ ಏನಣ್ಣ ಅಂದ. ಹೇಳಿದೆ. ಅವನು ಅರ್ಧ ನಿಮಿಷ ಕೇಳಿಸಿಕೊಂಡು 'ಫೋನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ನೋಡಿದ್ರಾ ಅಣ್ಣ?' ಅಂದ.

ಇಲ್ಲಿ ಮೊಬೈಲ್ ಸಿಗ್ನಲ್ ಎಲ್ಲಪ್ಪಾ ಬರುತ್ತೆ, ಗುಡ್ಡ ಹತ್ತಬೇಕು ಅಂದೆ. 'ಸಿಗ್ನಲ್ ಎಂತಕ್ಕೆ? ಫೋನಿಗೆ ವೈಫೈ ಉಂಟಲ್ಲ, ಅದೇ ಹೋಗ್ತದೆ' ಅಂದ.

ಹದಿನೆಂಟು ವರ್ಷ ಈ ಕೆಲಸದಲ್ಲಿ ಇರೋನಿಗೆ ಇದು ಹೊಳೀಲಿಲ್ಲ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೆ ಹೊಳೀಲಿಲ್ಲ. ಫೋನು ವೈಫೈ ಹಿಡಿದು ಅದನ್ನೇ ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಕೊಡಬಲ್ಲದು. ಕಂಪ್ಯೂಟರಿಗೆ ಅದು ಲ್ಯಾನ್ ಕೇಬಲ್ ಹಾಕಿದ ಹಾಗೇ ಕಾಣುತ್ತೆ, ಯಾವ ಡ್ರೈವರೂ ಹೊಸದಾಗಿ ಬೇಕಿಲ್ಲ. ನನ್ನ ಕೇಬಲ್ ಸಿಕ್ಕಿಸಿದೆ, ಟೆದರಿಂಗ್ ಗುಂಡಿ ಬೂದು ಬಣ್ಣದಲ್ಲೇ ಇತ್ತು, ಒತ್ತೋಕೆ ಬರಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಗೊಂಡ ಅರವತ್ತು ರೂಪಾಯಿ ಕೇಬಲ್ ಅದು, ಬರೀ ಚಾರ್ಜಿಗೆ, ಒಳಗೆ ಡೇಟಾ ತಂತಿಯೇ ಇಲ್ಲ. ಹುಡುಗ ಮನೆಗೆ ಓಡಿಹೋಗಿ ಅವನದ್ದು ತಂದ. ಸಿಕ್ಕಿಸಿ ಹತ್ತು ಸೆಕೆಂಡಿಗೆ ನೆಟ್‌ಬುಕ್ಕಿನಲ್ಲಿ ಇಂಟರ್ನೆಟ್ಟು!

ಅಲ್ಲಿಂದ ಮುಂದೆ ಸುಲಭ, ಬೇಕಾದವರಿಗೆ ಇರಲಿ ಅಂತ ಹೇಳ್ತೀನಿ. ಡೆಬಿಯನ್ನಿನಲ್ಲಿ ಆ ಪ್ಯಾಕೇಜು ಇರೋದು ಕಾಂಟ್ರಿಬ್ ಅನ್ನೋ ವಿಭಾಗದಲ್ಲಿ. ಸೋರ್ಸಸ್ ಪಟ್ಟಿಯ ಸಾಲಿನ ಕೊನೆಗೆ ಕಾಂಟ್ರಿಬ್ ಅಂತ ಸೇರಿಸಿ ಆಪ್ಟ್ ಅಪ್‌ಡೇಟ್ ಮಾಡದೇ ಇದ್ರೆ ಅಂಥಾ ಪ್ಯಾಕೇಜೇ ಇಲ್ಲ ಅನ್ನುತ್ತೆ. ಸೇರಿಸಿದ ಮೇಲೆ ತಾನೇ ಇಳಿಸಿಕೊಂಡು, ತಾನೇ ಕತ್ತರಿಸಿ, ಲಿಬ್ ಕೆಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಬಿ43 ಅಂತ ಇನ್ನೊಂದು ಫೋಲ್ಡರ್ ಮಾಡಿ ಇಡುತ್ತೆ. ಯುಕೋಡ್15 ಅಲ್ಲಿ ಬಂದು ಕೂತಿದ್ದನ್ನ ಕಣ್ಣಾರೆ ನೋಡಿದೆ. ಬ್ರಾಡ್‌ಕಾಮ್‌ನದ್ದೇ ಆದ ಡಬ್ಲ್ಯೂಎಲ್ ಅನ್ನೋ ಡ್ರೈವರೂ ಇದೆ, ಅದರ ಕೊನೇ ಆವೃತ್ತಿ 2015ರದ್ದು. ಕರ್ನಲ್ ಬದಲಾದಾಗೆಲ್ಲ ಅದನ್ನ ಹೊಸದಾಗಿ ಕಂಪೈಲ್ ಮಾಡಬೇಕು, ಈ ಬಡ ಆಟಂಗೆ ಅದು ಬೇಡ ಅಂತ ಬಿಟ್ಟೆ.

ನೆಟ್ ಬಂದ ಮೇಲೆ ಸ್ವಲ್ಪ ಹೊತ್ತು ಓದ್ತಾ ಕೂತೆ. ಬಿ43 ಬಳಗದವರ ಸೂಚನೆಗಳಲ್ಲಿ ಆ ಡ್ರೈವರ್ ಫೈಲ್ ಸಿಗೋ ವಿಳಾಸ ಕೊಟ್ಟಿರ್ತಾರೆ, ಅದರಲ್ಲಿ ಎಲ್‌ಡಬ್ಲ್ಯೂಫಿಂಗರ್ ಅಂತ ಒಂದು ಹೆಸರು. 2010ರಲ್ಲೂ ಆ ಹೆಸರನ್ನ ನೋಡಿದ್ದೆ, ಯಾರು ಅಂತ ಯೋಚಿಸಿರಲಿಲ್ಲ. ಲ್ಯಾರಿ ಫಿಂಗರ್. 2005ರಿಂದ ಈ ಬ್ರಾಡ್‌ಕಾಮ್ ಡ್ರೈವರಿನ ಹಿಂದೆ ಬಿದ್ದವರು. ಆಮೇಲೆ ಅಗ್ಗದ ಡಾಂಗಲ್ಲುಗಳಲ್ಲಿ ಇರುತ್ತಲ್ಲ, ಆ ರಿಯಲ್‌ಟೆಕ್ ಚಿಪ್ಪುಗಳ ಡ್ರೈವರುಗಳನ್ನೂ ವರ್ಷಗಟ್ಟಲೆ ನೋಡಿಕೊಂಡವರು. ಅಂದ್ರೆ ನಾನು ಡಾಂಗಲ್ ತಂದಿದ್ರೂ ಬಹುಶಃ ಅವರ ಮನೆ ಬಾಗಿಲಿಗೇ ಹೋಗಿ ನಿಲ್ತಿದ್ದೆ. ಎಂಬತ್ತು ದಾಟಿದ ಮೇಲೂ ಜನರ ಪ್ರಶ್ನೆಗಳಿಗೆ ಉತ್ತರ ಕೊಡ್ತಾ, ಕೋಡ್ ತಿದ್ದುತ್ತಾ ಇದ್ರಂತೆ. 2024ರ ಜೂನ್ 21ರಂದು ತೀರಿಕೊಂಡರು, 84 ವರ್ಷ. ಮನೆಯವರು ಲಿನಕ್ಸ್ ವೈರ್‌ಲೆಸ್ ಬಳಗಕ್ಕೆ ಬರೆದು ತಿಳಿಸಿದ್ರು. ಆ ಸುದ್ದಿ ಬಂದು ಒಂದು ವರ್ಷದ ಮೇಲಾಗಿತ್ತು, ನನಗೆ ಗೊತ್ತಾಗಿದ್ದು ಆ ದಿನ, ನಮ್ಮನೆ ಜಗುಲಿ ಮೇಲೆ.

ಅಪ್ಪಯ್ಯನಿಗೆ ಹೇಳಿದೆ. 'ಎಂತ ಕೆಲಸದಲ್ಲಿದ್ರು?' ಅಂತ ಕೇಳಿದ್ರು. ಈ ಕೆಲಸಕ್ಕೆ ಅವರಿಗೆ ಯಾರೂ ಸಂಬಳ ಕೊಡ್ತಿರಲಿಲ್ಲ ಅಂತ ಕಾಣುತ್ತೆ ಅಂದೆ. 'ಹ್ಮ್' ಅಂದು ಕವಳ ಹಾಕಿದ್ರು. ಪದಪಟ್ಟಿ ಮಾಡೋರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ ಅಂತ ತೋರುತ್ತೆ.

ಸರಿ, ಫರ್ಮ್‌ವೇರ್ ಬಂತು, ಮಾಡ್‌ಪ್ರೋಬ್ ಕೊಟ್ಟು ಬಿ43ನ ತೆಗೆದು ಮತ್ತೆ ಹಾಕಿದೆ. ಈ ಸಲ ವೈಫೈ ಅನ್ನೋ ಸಾಲು ಬಂತು. ಆದ್ರೆ ಅದರ ಕೆಳಗೆ ಒಂದು ಹೆಸರೂ ಇಲ್ಲ. ನಮ್ಮನೆದೂ ಇಲ್ಲ, ಪಕ್ಕದ ಮನೆದೂ ಇಲ್ಲ. ಕೇಬಲ್ ಕಿತ್ತು ನೋಡಿದೆ, ರೀಸ್ಟಾರ್ಟ್ ಮಾಡಿದೆ, ರೌಟರನ್ನ ಆಫ್ ಮಾಡಿ ಆನ್ ಮಾಡಿದೆ. ಇದು 2.4 ಗಿಗಾಹರ್ಟ್ಸಿನ ಕಾರ್ಡ್, ರೌಟರ್ ಬರೀ ಐದರಲ್ಲಿ ಇದೆಯೇನೋ ಅಂತ ರೌಟರಿನ ಒಳಗೆಲ್ಲ ಹೊಕ್ಕು ನೋಡಿ ಬಂದೆ. ಎರಡೂ ಇತ್ತು. ಫರ್ಮ್‌ವೇರಿನ ಇನ್ನೊಂದು ಆವೃತ್ತಿ ಹಾಕೋಣ್ವಾ ಅಂತ ಓದೋಕೆ ಶುರು ಮಾಡಿದೆ. ಹನ್ನೆರಡು ಗಂಟೆ ಆಯ್ತು, ಗೋಪೂಜೆಗೆ ಎಲ್ಲ ತಯಾರಾಗಿ ಅಮ್ಮ ಎರಡು ಸಲ ಕರೆದಾಗಿತ್ತು.

ಅಪ್ಪಯ್ಯ ಬಂದು ಪಕ್ಕದಲ್ಲಿ ಕೂತ್ರು. 'ಎಂತ, ಆಯ್ತನಾ?'

'ಇಲ್ಲ ಅಪ್ಪಯ್ಯ, ಎಲ್ಲ ಸರಿ ಇದೆ, ಆದ್ರೂ ಸಿಗ್ತಾ ಇಲ್ಲ.'

'ದೀಪ ಹೊತ್ತಿದ್ಯಾ?'

'ಯಾವ ದೀಪ?'

ಅವರು ನೆಟ್‌ಬುಕ್ಕನ್ನ ತೊಡೆ ಮೇಲೆ ಎಳೆದುಕೊಂಡರು. ಕೀಲಿಮಣೆ ನೋಡಲಿಲ್ಲ. ಎಡಗೈ ಕಿರುಬೆರಳು ಕೆಳಗಿನ ಮೂಲೆಯ ಎಫ್‌ಎನ್ ಕೀಲಿ ಮೇಲೆ ಹೋಯ್ತು, ತೋರುಬೆರಳು ಮೇಲಿನ ಸಾಲಿನ ಎರಡನೇದರ ಮೇಲೆ. ಎರಡನ್ನೂ ಒಟ್ಟಿಗೆ ಒತ್ತಿದ್ರು. ಮುಂಭಾಗದ ಅಂಚಿನಲ್ಲಿ ಒಂದು ಚಿಕ್ಕ ಕಿತ್ತಳೆ ದೀಪ ಹೊತ್ತಿತು. ಪರದೆ ಮೇಲೆ ಟಪಟಪ ಅಂತ ಮೂರು ಹೆಸರು ಬಂದವು, ಮೊದಲನೇದು ನಮ್ಮನೆದು.

'ರಾತ್ರಿ ಮಲಗೋವಾಗ ಆರಿಸ್ತಿದ್ದೆ, ಬ್ಯಾಟರಿ ಉಳೀಲಿ ಅಂತ. ನೀನು ಬರೋ ಹಿಂದಿನ ದಿನನೂ ಆರಿಸಿದ್ದೆ' ಅಂದ್ರು.

ಆಮೇಲೆ ನೋಡಿದ್ರೆ ಡಿಮೆಸೇಜಿನಲ್ಲಿ ಅದೂ ಸ್ಪಷ್ಟವಾಗಿ ಬರೆದಿತ್ತು, ರೇಡಿಯೋ ಹಾರ್ಡ್‌ವೇರ್ ಕಡೆಯಿಂದ ಆಫ್ ಆಗಿದೆ ಅಂತ. ಆರ್‌ಎಫ್‌ಕಿಲ್ ಅಂತ ಒಂದು ಆಜ್ಞೆ ಕೊಟ್ಟಿದ್ರೆ 'ಹಾರ್ಡ್ ಬ್ಲಾಕ್ಡ್' ಅಂತ ಒಂದೇ ಸಾಲಿನಲ್ಲಿ ಹೇಳ್ತಿತ್ತು. ನಾನು ಬೇರೆ ಸಾಲುಗಳನ್ನ ಓದ್ತಾ ಇದ್ದೆ.

ಪೂರ್ತಿ ಸುಖಾಂತ್ಯ ಅಂದ್ಕೋಬೇಡಿ. ಹತ್ತು ನಿಮಿಷಕ್ಕೆ ಡಿಎಂಎ ದೋಷ ಅಂತ ಬಂದು ಸಂಪರ್ಕ ತಪ್ಪಿತು. ಆಟಂ ನೆಟ್‌ಬುಕ್ಕುಗಳಲ್ಲಿ ಈ ಕಾರ್ಡಿಗೆ ಇದು ಹಳೇ ಕಾಯಿಲೆ. ಡ್ರೈವರ್ ತಾನೇ ಅದನ್ನ ಗುರುತಿಸಿ ಪಿಐಓ ಅನ್ನೋ ಇನ್ನೊಂದು ಪದ್ಧತಿಗೆ ಬದಲಾಯಿಸಿಕೊಳ್ಳುತ್ತೆ. ಆ ಪದ್ಧತಿಯಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ಸಾಗಿಸಬೇಕು, ಹಾಗಾಗಿ ನಿಧಾನ. ವಿಡಿಯೋ ಗಿಡಿಯೋ ಕೇಳಲೇಬೇಡಿ. ಮೇಲಿಗೆ ಸಾಕು. ಪುಟ ತೆರೆಯೋ ಅಷ್ಟರಲ್ಲಿ ಅಪ್ಪಯ್ಯ ಒಂದು ಕವಳ ಹಾಕಿ ಮುಗಿಸ್ತಾರೆ, ಅವರಿಗೇನೂ ಅವಸರ ಇಲ್ಲ.

ಗೋಪೂಜೆ, ಊಟ ಎಲ್ಲ ಮುಗಿದ ಮೇಲೆ ಮೇಲ್ ತೆಗೆದ್ವಿ. ಧಾರವಾಡದಿಂದ ಏಳು ಬಂದಿತ್ತು. ಮೊದಲ ಮೂರು ಜಗಳ. ನಾಲ್ಕನೇದರಲ್ಲಿ 'ಯಾಕ ಸುಮ್ಮನಾದ್ರಿ, ಸಿಟ್ಟು ಬಂತೇನು'. ಐದು, ಆರು ಒಂದೊಂದೇ ಸಾಲು. ಏಳನೇದು ಅವರ ಸೊಸೆ ಹೊಡೆದಿದ್ದು, 'ಮಾವ ದಿನಾ ಕೇಳ್ತಾರ, ತಮ್ಮ ಆರೋಗ್ಯ ಹೇಗದ' ಅಂತ. ಅಪ್ಪಯ್ಯ ಅಕ್ಷರ ದೊಡ್ಡದು ಮಾಡಿಸಿಕೊಂಡು ಏಳನ್ನೂ ಓದಿದ್ರು, ಆಮೇಲೆ ನನ್ನ ಎಬ್ಬಿಸಿ ಕಳಿಸಿ ಉತ್ತರ ಹೊಡೆಯೋಕೆ ಕೂತ್ರು. ಸಂಜೆ ದೀಪ ಹಚ್ಚೋವರೆಗೂ ಟಕಟಕ ಕೇಳ್ತಾನೇ ಇತ್ತು. ಆ ಅರ್ಧ ಬರೆದ ಕಾಗದ ಈಗಲೂ ಅಲ್ಲೇ ಕಪಾಟಿನಲ್ಲಿದೆ, 'ಇದೂ ಇರ್ಲಿ ಅಂತ'.

ಬೆಂಗಳೂರಿಗೆ ಹೊರಡೋ ಮೊದಲು ಆ ಬಿ43 ಫೋಲ್ಡರನ್ನ ಪೂರ್ತಿ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ ಅಪ್ಪಯ್ಯನ ಕನ್ನಡಕದ ಡಬ್ಬಿಯಲ್ಲಿ ಇಟ್ಟೆ. ಮುಂದಿನ ಸಲ ಇಂಟರ್ನೆಟ್ಟಿಗಾಗಿ ಇಂಟರ್ನೆಟ್ ಹುಡುಕೋದು ಬೇಡ. ನೀವೂ ಯಾವುದಾದ್ರೂ ಹಳೇ ಯಂತ್ರಕ್ಕೆ ಕೈ ಹಾಕೋ ಮುಂಚೆ ಈ ಒಂದು ಕೆಲಸ ಮಾಡಿ, ಜೊತೆಗೆ ಒಂದು ಒಳ್ಳೇ ಕೇಬಲ್ ಇಟ್ಟುಕೊಳ್ಳಿ. ಪೆನ್‌ಡ್ರೈವಿನ ಮೇಲೆ 'ಫರ್ಮ್‌ವೇರ್' ಅಂತ ಬರೆದು ಚೀಟಿ ಅಂಟಿಸಿದ್ದೆ. ಅಪ್ಪಯ್ಯ ಅದನ್ನ ಕಣ್ಣಿನ ಹತ್ತಿರ ಹಿಡಿದು ಓದಿ, ಇದಕ್ಕೆ ಕನ್ನಡದಲ್ಲಿ ಎಂತ ಹೇಳ್ತಾರೆ ಅಂತ ಕೇಳಿದ್ರು. ನನಗೆ ಹೊಳೀಲಿಲ್ಲ. ಪ್ರಶ್ನೆ ಧಾರವಾಡಕ್ಕೆ ಹೋಗಿದೆ, ಅಲ್ಲಿಂದ ಎರಡು ಪದ ಬಂದಿವೆಯಂತೆ, ಎರಡೂ ಇವರಿಗೆ ಒಪ್ಪಿಗೆ ಇಲ್ಲ. ನಿಮಗೆ ಯಾರಿಗಾದ್ರೂ ಒಳ್ಳೇದು ಹೊಳೆದ್ರೆ ಕೆಳಗೆ ಬರೀರಿ, ತಲುಪಿಸ್ತೀನಿ.